ಪ್ರವಾಸದ ಬಸ್ಸು ನಿಧಾನವಾಗಿ ಸಾಗಲಿ

ಮಾನ್ಯ ಸಂಪಾದಕರಿಗೆ,

ದೀಪಾವಳಿ ಕಳೆದು ಚಳಿ ಕಾಲಿಡುತ್ತಿದ್ದಂತೆ ಶಾಲೆಗಳು, ಮಹಿಳಾ ಸಂಘಗಳು, ಹಿರಿಯರ ಬಳಗಗಳು ಪ್ರವಾಸಕ್ಕೆ ಬಸ್ಸು ಗೊತ್ತುಮಾಡಲು ಆರಂಭಿಸುತ್ತವೆ. ಹೊರ ಜಿಲ್ಲೆಗಳಿಂದ ನಮ್ಮ ಕಡೆಗೆ ಬರುವ ಅನೇಕ ಗುಂಪುಗಳು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸಿ ರಾತ್ರಿಯೇ ಹಿಂದಿರುಗುತ್ತವೆ. ಅವರು ಮೂರು ಊರುಗಳ ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ, ಆದರೆ ಆ ಊರುಗಳ ನಡುವಿನ ನಾಡನ್ನು ನೋಡುವುದೇ ಇಲ್ಲ. ಹಾಸನದ ನಮ್ಮ ಬಡಾವಣೆಯ ಹಿರಿಯರ ಬಳಗವು ಕಳೆದ ಕಾರ್ತಿಕ ಮಾಸದಲ್ಲಿ ಬೇರೆ ಬಗೆಯಲ್ಲಿ ಒಂದು ದಿನವನ್ನು ಕಳೆಯಿತು. ಪ್ರವಾಸ ಯೋಜಿಸುವವರಿಗೆ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಅದರ ವಿವರವನ್ನು ಬರೆಯುತ್ತಿದ್ದೇನೆ.

ಹಾಸನದಿಂದ ಹಳೇಬೀಡು, ಅಲ್ಲಿಂದ ಬೆಳವಾಡಿ, ಮಧ್ಯಾಹ್ನದ ಊಟಕ್ಕೆ ಚಿಕ್ಕಮಗಳೂರು, ಸಂಜೆಗೆ ಬೇಲೂರು, ರಾತ್ರಿ ಮನೆ ಎಂಬುದು ನಮ್ಮ ಯೋಜನೆಯಾಗಿತ್ತು. ಶ್ರವಣಬೆಳಗೊಳವನ್ನು ಬಿಟ್ಟದ್ದಕ್ಕೆ ಕೆಲವರು ಬೇಸರಪಟ್ಟರೂ, ಮೊಣಕಾಲು ನೋವಿನವರು ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ವಿಂಧ್ಯಗಿರಿಯನ್ನು ಅವಸರದಲ್ಲಿ ಹತ್ತಿ ಇಳಿಯುವುದಕ್ಕಿಂತ ಅದಕ್ಕೆ ಪ್ರತ್ಯೇಕವಾಗಿ ಒಂದು ದಿನವನ್ನು ಇಡುವುದೇ ಸರಿ ಎಂದು ಎಲ್ಲರೂ ಕೊನೆಗೆ ಒಪ್ಪಿದರು. ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿ.ಮೀ. ದಾರಿ. ಇಬ್ಬನಿ ಆರದ ಬೆಳಿಗ್ಗೆ ಆ ದಾರಿಯ ಎರಡೂ ಬದಿಯಲ್ಲಿ ರಾಗಿ ತೆನೆ ಬಲಿತು ಬಾಗಿತ್ತು, ಕೆಲವೆಡೆ ಕೊಯ್ಲೂ ಆರಂಭವಾಗಿತ್ತು. ಅಂತ್ಯಾಕ್ಷರಿ ಆಡುತ್ತಿದ್ದವರು ತಾವಾಗಿಯೇ ಅದನ್ನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ನಮ್ಮ ಮಾರ್ಗದರ್ಶಿಗೆ ಒಂದೇ ಕೋರಿಕೆ ಸಲ್ಲಿಸಿದ್ದೆವು: ಎಲ್ಲವನ್ನೂ ತೋರಿಸಬೇಡಿ, ಒಂದು ಪಕ್ಕದ ಗೋಡೆಯನ್ನು ಸರಿಯಾಗಿ ತೋರಿಸಿ. ಅವರು ಹಾಗೆಯೇ ಮಾಡಿದರು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕುದುರೆಯ ಕಡಿವಾಣವನ್ನೂ ಒಡವೆಯ ಮಣಿಗಳನ್ನೂ ಅಷ್ಟು ಸೂಕ್ಷ್ಮವಾಗಿ ಬಿಡಿಸಲು ಸಾಧ್ಯವಾಯಿತು ಎಂಬುದನ್ನು ಅವರು ಕೈಯಿಂದ ಮುಟ್ಟದೆ, ದೂರದಿಂದಲೇ ಬೆರಳು ತೋರಿ ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಅಡಿಯಲ್ಲಿ ಹೆಸರು ಕೆತ್ತುತ್ತಿದ್ದರು ಎಂದು ತಿಳಿದ ಮೇಲೆ ನಮ್ಮವರು ಪ್ರತಿ ವಿಗ್ರಹದ ಪೀಠವನ್ನೂ ಬಗ್ಗಿ ನೋಡತೊಡಗಿದರು. ಸಮೀಪದ ಬಸದಿಹಳ್ಳಿಗೆ ಹೋಗುವ ಪ್ರವಾಸಿಗರು ಕಡಿಮೆ. ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ತಮ್ಮ ನೆರಳು ಕಂಡು ನಮ್ಮ ಬಳಗದ ಅಜ್ಜಿಯರು ಪಟ್ಟ ಸಂತೋಷವನ್ನು ನೆನೆದರೆ, ಆ ಹತ್ತು ನಿಮಿಷದ ನಡಿಗೆಯನ್ನು ಬಿಡುವವರ ಬಗ್ಗೆ ಮರುಕವೆನಿಸುತ್ತದೆ.

ಬೆಳವಾಡಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಜನಸಂದಣಿ ಸಹಜ. ಹಳೇಬೀಡಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಚಿಕ್ಕಮಗಳೂರು ಜಿಲ್ಲೆಯೊಳಗೆ ಇರುವ ಬೆಳವಾಡಿಯ ವೀರನಾರಾಯಣ ದೇವಾಲಯ ಆ ಪಟ್ಟಿಯಲ್ಲಿಲ್ಲ, ಬಹುಪಾಲು ಪ್ರವಾಸಗಳ ದಾರಿಯಲ್ಲೂ ಇಲ್ಲ. ಇಮ್ಮಡಿ ವೀರಬಲ್ಲಾಳನ ಕಾಲದ ಈ ತ್ರಿಕೂಟದಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ ಮೂವರಿಗೂ ಪ್ರತ್ಯೇಕ ಗರ್ಭಗುಡಿಗಳಿವೆ. ಹಳೇಬೀಡಿನಂತೆ ಇಲ್ಲಿ ಗೋಡೆಯ ಕೆತ್ತನೆ ಕಣ್ಣನ್ನು ತುಂಬುವುದಿಲ್ಲ. ಇಲ್ಲಿಯ ಸೊಬಗು ವಿಶಾಲವಾದ ತೆರೆದ ಮಂಟಪದಲ್ಲಿ, ತಿರುಗಣಿಯಲ್ಲಿ ಕಡೆದು ನುಣುಪಾಗಿಸಿದ ಕಂಬಗಳ ಸಾಲುಗಳಲ್ಲಿ, ಆ ಸಾಲುಗಳ ನಡುವೆ ಸರಿಯುವ ಬೆಳಕಿನಲ್ಲಿದೆ. ಇದೇ ಮಹಾಭಾರತದ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂದು ಊರಿನವರು ನಂಬುತ್ತಾರೆ. ಜಗುಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಮ್ಮವರಿಗೆ ಆ ಕಥೆಯನ್ನು ತಮ್ಮ ಮನೆಯಲ್ಲೇ ನಡೆದದ್ದೆಂಬಂತೆ ಹೇಳಿದರು. ಗಡಿಯಾರ ನೋಡುವವರು ಯಾರೂ ಇಲ್ಲದ್ದರಿಂದ ನಾವು ಮಂಟಪದಲ್ಲಿ ಸುಮ್ಮನೆ ಕುಳಿತೆವು. ನಮ್ಮ ಗುಂಪಿನ ಒಬ್ಬ ತಾಯಿ ದೇವರನಾಮ ಹಾಡಿದರು, ಉಳಿದವರು ದನಿಗೂಡಿಸಿದರು. ಇಡೀ ದಿನದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಅದೇ.

ಬೆಳವಾಡಿಯಿಂದ ಪಶ್ಚಿಮಕ್ಕೆ ಸಾಗಿದಂತೆ ಬಯಲು ಮುಗಿದು ಮಲೆನಾಡಿನ ಅಂಚು ತೋರುತ್ತದೆ. ಮುಂದೆ ಬಾಬಾಬುಡನ್‌ಗಿರಿ ಶ್ರೇಣಿಯು ನೀಲಿಗಟ್ಟಿ ನಿಲ್ಲುತ್ತದೆ. ಮುಳ್ಳಯ್ಯನಗಿರಿಯ ಕಿರಿದಾದ ತಿರುವುಗಳಿಗೆ ದೊಡ್ಡ ಬಸ್ಸು ಹೊಂದುವುದಿಲ್ಲವೆಂದು ನಾವು ಬೆಟ್ಟ ಹತ್ತದೆ, ಊಟದ ನಂತರ ಆಲ್ದೂರಿನ ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ಮೊದಲೇ ಅನುಮತಿ ಪಡೆದಿದ್ದ ಒಂದು ಕಾಫಿ ತೋಟದ ಬಳಿ ಇಳಿದೆವು. ನಮ್ಮ ಬಳಗದಲ್ಲಿ ಹಿಂದೆ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ನೋಡುವ ಗುಮಾಸ್ತ) ಆಗಿದ್ದ ಹಿರಿಯರೊಬ್ಬರಿದ್ದಾರೆ. ಸಾಮಾನ್ಯವಾಗಿ ಮಿತಭಾಷಿಗಳಾದ ಅವರು ಅಲ್ಲಿ ಮುಂದೆ ನಿಂತು ಮಾತನಾಡಿದರು. ಒಂದೇ ಗಿಡದ ಹಣ್ಣು ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಅರೇಬಿಕಾವನ್ನು ಹಲವು ಸುತ್ತು ಕೊಯ್ಯಬೇಕಾಗುತ್ತದೆ. ಕೊಯ್ದ ಹಣ್ಣನ್ನು ತಡಮಾಡದೆ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಿ, ಅಂಟು ಬಿಡಿಸಿ ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್ ಆಗುತ್ತದೆ. ಸಿಪ್ಪೆಸಹಿತ ಒಣಗಿಸಿದ್ದು ಚೆರ್ರಿ. ಗಿಡ ಹೂಬಿಡಲು ಬೇಕಾದ ಹೂಮಳೆ ಒಂದು ಬಾರಿ ತಪ್ಪಿದರೆ ವರ್ಷದ ಲೆಕ್ಕವೇ ತಪ್ಪುತ್ತದೆ ಎಂದಾಗ ಅವರ ದನಿ ಸ್ವಲ್ಪ ತಗ್ಗಿತು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಬೆನ್ನಿಗೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ಹಣ್ಣು ಬಿಡಿಸುತ್ತಿದ್ದ ಹೆಂಗಸರು, ಕಣದ ಹುಳಿಮಿಶ್ರಿತ ವಾಸನೆ, ಇವೆಲ್ಲವನ್ನೂ ದಿನಾ ಎರಡು ಲೋಟ ಕಾಫಿ ಕುಡಿಯುವ ನಮ್ಮಲ್ಲಿ ಹಲವರು ಹತ್ತಿರದಿಂದ ಕಂಡದ್ದು ಅಂದೇ.

ಬೇಲೂರನ್ನು ತಲುಪಿದಾಗ ಸಂಜೆಯಾಗಿತ್ತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತಿದೆ. ಮದನಿಕೆಯರನ್ನು ನೋಡಿದ ಮೇಲೆ ದೇವರ ದರ್ಶನ ಮಾಡಿ ಹೊರಟೆವು.

ಪ್ರವಾಸ ಏರ್ಪಡಿಸುವವರಲ್ಲಿ ನನ್ನ ಬಿನ್ನಹವಿಷ್ಟೇ. ಒಂದು ದಿನದಲ್ಲಿ ಎರಡು ಮುಖ್ಯ ಸ್ಥಳಗಳನ್ನಷ್ಟೇ ಇಟ್ಟುಕೊಂಡು, ದಾರಿಯಲ್ಲಿ ನಿಲ್ಲಲು ಹೊತ್ತು ಬಿಡಿ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಂದು ರಾತ್ರಿ ತಂಗಿದರೆ ದೂರದ ಊರಿನವರಿಗೂ ಇದು ಸಾಧ್ಯ. ಶಾಲಾ ಮಕ್ಕಳನ್ನು ಕರೆತರುವ ಶಿಕ್ಷಕರು ಹಿಂದಿನ ದಿನವೇ ಒಂದು ಗೋಡೆಯ, ಒಂದು ತೋಟದ ಬಗ್ಗೆ ಹೇಳಿಕೊಡಲಿ. ಎರಡೂ ಜಿಲ್ಲೆಗಳ ಆಡಳಿತ ಒಟ್ಟಾಗಿ ಹಳೇಬೀಡು–ಬೆಳವಾಡಿ–ಚಿಕ್ಕಮಗಳೂರು ದಾರಿಯಲ್ಲಿ ಶುಚಿಯಾದ ಶೌಚಾಲಯಗಳನ್ನೂ, ವಯಸ್ಸಾದವರು ನೆರಳಿನಲ್ಲಿ ಕೂರಲು ಬೆಂಚುಗಳನ್ನೂ ಒದಗಿಸಬೇಕು, ಬೆಳವಾಡಿಯಂತಹ ಊರುಗಳ ಯುವಕ ಯುವತಿಯರಿಗೆ ಮಾರ್ಗದರ್ಶಿಗಳಾಗಲು ತರಬೇತಿ ನೀಡಬೇಕು. ಶೌಚಾಲಯದ ಚಿಂತೆಯಿಂದ ದಿನವಿಡೀ ನೀರು ಕುಡಿಯದೆ ಕೂರುವ ಮಹಿಳೆಯರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ, ಆದ್ದರಿಂದ ಮೊದಲು ಆಗಬೇಕಾದ ಕೆಲಸ ಅದೇ.

ತಮ್ಮ ವಿಶ್ವಾಸಿ,
ಓದುಗರೊಬ್ಬರು, ಹಾಸನ