ಪಹಣಿ ನಮ್ಮದು, ಬೇಲಿ ಕೀಳುವ ಅಧಿಕಾರ ಯಾರದು?

ಮಾನ್ಯ ಸಂಪಾದಕರೇ,

ಗಣಿಗಾರಿಕೆಗೆ ವಿದೇಶಿ ಬಂಡವಾಳ ತರುವ ಬಗ್ಗೆ ಮಂಗಳವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಅದರಲ್ಲಿ ನಮ್ಮ ನುಗ್ಗೇಹಳ್ಳಿ ಸೀಮೆಯ ಹೆಸರೂ ಇದೆ. ಬಂಡವಾಳ ಇನ್ನೂ ಬಂದಿಲ್ಲ, ಖನಿಜ ಹುಡುಕುವ ಸರ್ವೆಯವರ ಜೀಪು ಮಾತ್ರ ಆಗಲೇ ಬಂದು ಹೋಗಿದೆ. ಅದನ್ನು ವರದಿಗಾರರಿಗೆ ಯಾರೂ ಹೇಳಿದಂತಿಲ್ಲ.

ನಾವೆಲ್ಲ ಮದುವೆಗೆಂದು ತಿಪಟೂರಿಗೆ ಹೋಗಿದ್ದ ದಿನ ಸರ್ವೆಯವರು ತೋಟಕ್ಕೆ ನುಗ್ಗಿದ್ದಾರೆ. ಮನೆಯಲ್ಲಿದ್ದವರು ಕಿವಿ ಕೇಳಿಸದ ನಮ್ಮ ಅತ್ತೆ ಒಬ್ಬರೇ. ಕೊರೆಯುವ ಯಂತ್ರದ ಲಾರಿ ಒಳಗೆ ಬರಲೆಂದು ಬೇಲಿ ಕಿತ್ತಿದ್ದಾರೆ, ಹನಿ ನೀರಾವರಿಯ ಪೈಪುಗಳ ಮೇಲೆ ಚಕ್ರ ಹತ್ತಿಸಿದ್ದಾರೆ, ಕಾಯಿ ಬಿಡುತ್ತಿರುವ ತೆಂಗಿನ ಮರಗಳಿಗೆಲ್ಲ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಕಿತ್ತ ಬೇಲಿಗೆ ಒಂದು ಮುಳ್ಳು ಎಳೆದು ಹೋಗುವಷ್ಟೂ ಮರ್ಯಾದೆಯಿಲ್ಲ. ಮೇವಿನ ಜೋಳವನ್ನು ರಾತ್ರಿಯಿಡೀ ಊರ ದನಗಳು ಮೇಯ್ದವು. ಕೊರೆದ ಕುಳಿಯ ಕೆಸರು ಹರಿದು ಕೊಟ್ಟಿಗೆಯ ನೀರಿನ ತೊಟ್ಟಿಗೆ ಸೇರಿದೆ. ಈಗ ಪಕ್ಕದ ತೋಟದವರನ್ನು ಬೇಡಿ, ಕೊಡದಲ್ಲಿ ನೀರು ಹೊತ್ತು ಹಸುಗಳಿಗೆ ಕುಡಿಸುತ್ತಿದ್ದೇನೆ. ಈ ಬಿಸಿಲಿನಲ್ಲಿ ನೀರಿಲ್ಲದೆ ಎಳೆಯ ಸಸಿಗಳು ಬಾಡಿ ನಿಂತಿವೆ.

ಮರುದಿನ ಉಳಿದ ಸಾಮಾನು ಒಯ್ಯಲು ಬಂದವರನ್ನು ತಡೆದು ಕೇಳಿದರೆ, ‘ಮೇಲಿನ ಮಣ್ಣು ನಿಮ್ಮದು, ಕೆಳಗಿನದು ಸರ್ಕಾರದ್ದು’ ಎಂದರು. ಇರಬಹುದು. 1964ರ ಭೂಕಂದಾಯ ಕಾಯ್ದೆಯ 70ನೇ ಕಲಮು ಖನಿಜದ ಹಕ್ಕನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಕೇರಳದ ಭೂಮಾಲೀಕರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ನೆಲದ ಅಡಿಯ ಖನಿಜವೂ ಅವರದೇ ಎಂದಿತು, ನಮಗೆ ಆ ಭಾಗ್ಯವಿಲ್ಲ. ಆದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಮಿನಲ್ಲಿ, ಪರವಾನಗಿ ಪಡೆದು ಒಳಹೊಕ್ಕವರು ಮೇಲ್ಮೈಗೆ ಆದ ನಷ್ಟ ತುಂಬಿಕೊಡಬೇಕು ಎಂದೂ ಇದೆ. ಹಾಗಾದರೆ ಪರವಾನಗಿ ಯಾರಿಗೆ ಕೊಟ್ಟಿದ್ದೀರಿ, ತೋರಿಸಿ ಎಂದು ಕಚೇರಿಗೆ ಹೋದೆ. ಕಡತ ಹಾಸನದಲ್ಲಿದೆ ಎಂದರು. ಹಾಸನದಲ್ಲಿ, ಅದು ಬೆಂಗಳೂರಿನ ವಿಷಯ, ಬೆಂಗಳೂರಿನವರಿಗೂ ದೆಹಲಿಯಿಂದ ಬರಬೇಕು ಎಂದರು. ಅದೇ ಗಣಿ ಕಾಯ್ದೆಗೆ ಆದ 2023ರ ತಿದ್ದುಪಡಿಯ ನಂತರ ಪ್ಲಾಟಿನಂ, ನಿಕ್ಕಲ್, ವನೇಡಿಯಂನಂಥ ಖನಿಜಗಳ ಹರಾಜು ಕೇಂದ್ರದ ಕೈಗೆ ಹೋಗಿದೆಯಂತೆ. ಹರಾಜಿನ ಹಣ ಮಾತ್ರ ರಾಜ್ಯಕ್ಕೇ ಬರುತ್ತದೆ. ಹಣಕ್ಕೆ ಇಷ್ಟು ಸಲೀಸಾಗಿ ದಾರಿ ತಿಳಿದಿರುವಾಗ ನನ್ನ ಅರ್ಜಿಗೆ ಮಾತ್ರ ಏಕೆ ತಿಳಿಯುವುದಿಲ್ಲ?

ಈ ಕಚೇರಿಗಳ ಹಣೆಬರಹವೇ ಇಷ್ಟು. ನಮ್ಮ ಜಮೀನಿನ ಪೋಡಿ ದುರಸ್ತಿಗೆ, ಅಂದರೆ ಹಿಸ್ಸೆ ಅಳೆದು ದಾಖಲೆ ಬೇರೆ ಮಾಡಿಸಲು, ಅರ್ಜಿ ಕೊಟ್ಟು ವರ್ಷಗಳು ಉರುಳಿದವು, ಸರ್ವೆಯರ್ ಇಲ್ಲ ಎಂಬುದೇ ಉತ್ತರ. ತೋಟಕ್ಕೆ ಕಪ್ಪುತಲೆ ಹುಳು ಬಿದ್ದು ಗರಿಗಳೆಲ್ಲ ಸುಟ್ಟಂತಾದಾಗ, ಪರಿಹಾರಕ್ಕೆ ಮರ ಎಣಿಸಲು ಸಿಬ್ಬಂದಿ ಇಲ್ಲ ಎಂದರು. ಈಗ ಒಂದೇ ದಿನದಲ್ಲಿ ಪ್ರತಿ ಮರಕ್ಕೂ ನಂಬರು ಬಿದ್ದಿದೆ! ಜಲ್ಲಿ ಟಿಪ್ಪರುಗಳು ಕಿತ್ತುಹಾಕಿದ ರಸ್ತೆಯ ಬಗ್ಗೆ ಬರೆಯಹೊರಟರೆ ನಿಮ್ಮ ಪುಟ ಸಾಲದು.

ವಿದೇಶಿ ಹಣ ಬಂದರೆ ಜಿಲ್ಲೆ ಉದ್ಧಾರವಾಗುತ್ತದೆ ಎನ್ನುವವರು ಪಕ್ಕದ ಚಿಕ್ಕಮಗಳೂರಿನ ಕುದುರೆಮುಖಕ್ಕೆ ಹೋಗಿ ನೋಡಲಿ. 1975ರಲ್ಲಿ ಇರಾನ್ ಸುಮಾರು 63 ಕೋಟಿ ಡಾಲರ್ ಸಾಲ ಕೊಡಲು, ಅಲ್ಲಿನ ಕಬ್ಬಿಣದ ಅದಿರು ಕೊಳ್ಳಲು ಒಪ್ಪಿತ್ತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಒಪ್ಪಂದ ಮುರಿದುಬಿತ್ತು. ಬೆಟ್ಟ ಅಗೆದಾಗಿತ್ತು, ಅಣೆಕಟ್ಟು ಕಟ್ಟಿಯಾಗಿತ್ತು, ಕೊಳ್ಳುವವರನ್ನು ಬೇರೆ ಕಡೆ ಹುಡುಕಬೇಕಾಯಿತು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಅಂತ್ಯಕ್ಕೆ ಗಣಿ ಮುಚ್ಚಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಆ ಗಣಿ ಹೂಳನ್ನು ಯಾವ ಹೂಡಿಕೆದಾರ ಬಂದು ಹೊತ್ತೊಯ್ದ? ಅಷ್ಟು ದೂರ ಏಕೆ, ನಮ್ಮ ಬೈರಾಪುರದಲ್ಲೇ ಕ್ರೋಮ್ ಅದಿರು ತೆಗೆದ ಜಾಗದ ದಿಬ್ಬಗಳನ್ನು ನೋಡಲಿ.

ಗಣಿಗೆ ನೂರಕ್ಕೆ ನೂರು ವಿದೇಶಿ ಬಂಡವಾಳ ಬಿಡುವ ನೀತಿ ಇಂದಿನದಲ್ಲ, 2006ರಿಂದಲೂ ಇದೆ. ಖನಿಜದ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದು 2024ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಾಗ ನಮ್ಮ ಸರ್ಕಾರ ಮಸೂದೆ ತರಲು ತಡಮಾಡಲಿಲ್ಲ. ಗಣಿಬಾಧಿತರಿಗೆಂದು 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳ ಕಾನೂನು ಬಂತು. ನಮ್ಮೂರಿನಲ್ಲಿ ಅದರ ಹೆಸರು ಕೇಳಿದವರೇ ಇಲ್ಲ.

ನೋಟಿಸ್ ಇಲ್ಲದೆ, ಗ್ರಾಮಸಭೆಗೆ ತಿಳಿಸದೆ ಇನ್ನು ಮುಂದೆ ಯಾರೂ ತೋಟಕ್ಕೆ ಕಾಲಿಡಬಾರದು. ಇಡೀ ಗಣಿ ನೀತಿಯನ್ನೇ ಸರ್ಕಾರ ಮತ್ತೆ ಪರಿಶೀಲಿಸಬೇಕು. ಅದಾಗುವವರೆಗೆ ನನ್ನ ಬೇಲಿಯನ್ನಾದರೂ ಕಟ್ಟಿಸಿಕೊಡಲಿ, ಪೈಪಿನ ಹಣ ಕೊಡಲಿ, ಆ ಪೋಡಿಯನ್ನೂ ಮುಗಿಸಲಿ. ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಸಂಬಂಧಪಟ್ಟವರು ಯಾರು ಎಂಬುದನ್ನಾದರೂ ಮೊದಲು ಹೇಳಬೇಕು. ಮುದುಕಿಯೊಬ್ಬರೇ ಇರುವ ಹೊತ್ತು ನೋಡಿ ಬೇಲಿ ಕೀಳುವವರಿಗೆ, ಅವರನ್ನು ಕಳುಹಿಸಿ ಕೈತೊಳೆದುಕೊಳ್ಳುವವರಿಗೆ ನಾಚಿಕೆಯಾಗಬೇಕು.

– ನೊಂದ ತೆಂಗು ಬೆಳೆಗಾರ, ನುಗ್ಗೇಹಳ್ಳಿ ಹೋಬಳಿ, ಚನ್ನರಾಯಪಟ್ಟಣ ತಾಲ್ಲೂಕು