ಟಿಕ್ ಎಂದ ಬಿಲ್ಲು

ಹನುಮಂತನಗರ, ಬೆಂಗಳೂರು
ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಬಂತು. ಮೊದಲ ಎರಡು ಪುಟ ಓದುವಾಗ ಖುಷಿಯೋ ಖುಷಿ. ಪಕ್ಕದ ಸೈಟಿನವರು ಕಡಿಸಿ ಬಿಸಾಕಿದ ಸುಬಾಬುಲ್ ಮರದಲ್ಲಿ ಬಿಲ್ಲು ಮಾಡಿದ್ದೀನಿ ಅಂದರೆ ಯಾರಿಗೆ ತಾನೇ ಖುಷಿಯಾಗಲ್ಲ? ಆಮೇಲೆ ಮೂರನೇ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುರುಕಿದ್ದೀಯಲ್ಲ, 'ಮೊನ್ನೆ ಎಳೆಯುವಾಗ ಎಲ್ಲೋ ಟಿಕ್ ಅಂತ ಕೇಳಿಸಿತು ದೊಡ್ಡಪ್ಪ, ಸ್ವಲ್ಪ ಭಯ ಆಯ್ತು, ನೋಡಿದರೆ ಏನೂ ಕಾಣಲಿಲ್ಲ, ಹಾಗೇ ಎಳೀತಾ ಇದ್ದೀನಿ' ಅಂತ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಅವತ್ತು ರಾತ್ರಿಯೇ ಫೋನ್ ಮಾಡಿ 'ಹೆದೆ ಇಳಿಸಿಡು, ಮುಟ್ಟಬೇಡ' ಅಂದೆ. ನೀನು 'ಆಯ್ತು ದೊಡ್ಡಪ್ಪ' ಅಂತ ನಕ್ಕೆ. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೂ ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಈ ಕಾಗದ.

ಟಿಕ್ ಅಂದ ಬಿಲ್ಲೆಲ್ಲ ಮುರಿದೇ ಹೋಗುತ್ತೆ ಅಂತ ಏನಿಲ್ಲ. ಹೆದೆಯ ಕುಣಿಕೆ ತುದಿಯ ಕಚ್ಚಿನಲ್ಲಿ ಜರುಗಿ ಕೂರುವಾಗಲೂ ಹಾಗೇ ಸದ್ದು ಬರುತ್ತೆ. ಹಿಡಿಗೆ ಅಂಟಿಸಿದ ತುಂಡು ಬಿಟ್ಟುಕೊಳ್ಳುವಾಗಲೂ ಬರುತ್ತೆ. ಇದೆಲ್ಲ ಗೊತ್ತಿದ್ದೂ ನನಗೆ ಹೆದರಿಕೆ ಹುಟ್ಟಿಸಿದ್ದು ನಿನ್ನ 'ಹಾಗೇ ಎಳೀತಾ ಇದ್ದೀನಿ' ಅನ್ನೋ ಮಾತು.

ಮೊದಲು ಒಂದು ಕೆಲಸ ಮಾಡು. ದೇವರ ದೀಪದ ಬತ್ತಿಗೆ ಅಂತ ಹತ್ತಿ ಇಟ್ಟಿರುತ್ತೀರಲ್ಲ, ಅದರಲ್ಲಿ ಒಂದು ಉಂಡೆ ತಗೋ. ಬಿಲ್ಲಿನ ಬೆನ್ನಿನ ಮೇಲೆ, ಅಂದರೆ ಬಾಣ ಬಿಡುವಾಗ ಗುರಿಯ ಕಡೆಗಿರುವ ಮುಖದ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಸವರು. ಬೆರಳಿಗೆ ತಿಳಿಯದಷ್ಟು ಸಣ್ಣ ಸಿಬಿರು ಎದ್ದಿದ್ದರೂ ಹತ್ತಿ ಅಲ್ಲಿ ಸಿಕ್ಕಿಕೊಂಡು ಒಂದೆಳೆ ಬಿಟ್ಟುಹೋಗುತ್ತೆ. ವಾಪಸ್ ಬರುವಾಗಲೂ ಸವರು, ಸಿಬಿರಿನ ಬಾಯಿ ಒಂದೇ ಕಡೆಗೆ ತೆರೆದಿರುತ್ತೆ. ಆಮೇಲೆ ಹೊಟ್ಟೆಯ ಕಡೆ ತಿರುಗಿಸು. ಅಲ್ಲಿ ಹತ್ತಿ ಕೆಲಸಕ್ಕೆ ಬರಲ್ಲ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹಿಡಿದು ನೋಡು. ಚರ್ಮ ಸುಕ್ಕುಗಟ್ಟಿದ ಹಾಗೆ ಅಡ್ಡಡ್ಡಕ್ಕೆ ಕೂದಲಿನಂಥ ಗೆರೆ ಇದ್ದರೆ ಕಾಣುತ್ತೆ. ಬಿಲ್ಲು ಬಾಗಿದಾಗ ಬೆನ್ನು ಹಿಗ್ಗುತ್ತೆ, ಹೊಟ್ಟೆ ಕುಗ್ಗುತ್ತೆ, ಅಲ್ವಾ? ಹೊಟ್ಟೆ ಸುಕ್ಕಾದರೆ ಬಿಲ್ಲು ದಿನದಿನಕ್ಕೆ ಸೋಲುತ್ತಾ ಬರುತ್ತೆ. ಬೆನ್ನು ಸಿಬಿರೆದ್ದರೆ ಹೇಳದೆ ಕೇಳದೆ ಮುರಿಯುತ್ತೆ.

ಹೇಳದೆ ಕೇಳದೆ ಅಂದೆ. ಅದು ಸುಳ್ಳು. ಒಂದು ಸಲ ಹೇಳುತ್ತೆ. ಟಿಕ್ ಅಂತ ಹೇಳುತ್ತೆ.

ನಿಮ್ಮಪ್ಪನ ಹುಬ್ಬಿನ ಮೇಲಿನ ಗೆರೆಯ ಕಥೆ ನಿನಗೆ ಬಾಯಿಪಾಠ. ಅದನ್ನು ಮತ್ತೆ ಬರೆಯಲ್ಲ. ಪ್ರತಿ ಗೌರಿ ಹಬ್ಬಕ್ಕೂ ಯಾರಾದರೊಬ್ಬರು ತೆಗೆದೇ ತೆಗೆಯುತ್ತಾರೆ, ಅವನೂ ನಗುತ್ತಾನೆ. ಕೊನೆಗೆ ಎಲ್ಲರೂ 'ನೀಲಗಿರಿ ಮರ, ನಂಬೋಕಾಗಲ್ಲ' ಅಂತಾರೆ. ನಾನೂ ತಲೆ ಆಡಿಸುತ್ತೇನೆ. 1977 ರಿಂದ ತಲೆ ಆಡಿಸಿಕೊಂಡೇ ಬಂದಿದ್ದೇನೆ.

ಆಗ ಬನಶಂಕರಿ ಆಚೆ ಎಲ್ಲ ಹೊಲ, ತೋಪು. ನಾನು ಎರಕದ ಅಚ್ಚಿಗೆ ಮರದ ಮಾದರಿ ಮಾಡುವ ಪ್ಯಾಟರ್ನ್ ಶಾಪಿಗೆ ಸೇರಿ ವರ್ಷವೂ ಆಗಿರಲಿಲ್ಲ. ಮರ ನುಣುಪು ಮಾಡುವ ತೋಪಡ ಹಿಡಿಯುವುದು ಆಗಷ್ಟೇ ಕೈಗೆ ಹತ್ತಿತ್ತು. ನಮ್ಮಲ್ಲಿ ಮರದ ಮೈ ಕನ್ನಡಿಯ ಹಾಗಿರಬೇಕು, ಇಲ್ಲದಿದ್ದರೆ ಮೇಸ್ತ್ರಿ ಎಲ್ಲರ ಎದುರಿಗೇ ಎತ್ತಿ ಪಕ್ಕಕ್ಕಿಡುತ್ತಿದ್ದರು. ಆ ಚಾಳಿ ಮನೆಗೂ ಬಂತು. ನೀಲಗಿರಿ ಗಳ ಸೀಳಿ ಬಿಲ್ಲು ಮಾಡಿದವನು, ಹೊಟ್ಟೆ ಮಾತ್ರ ಕೆತ್ತಿ ಬಿಡಬೇಕಿತ್ತು. ಬೆನ್ನಿಗೂ ತೋಪಡ ಹೊಡೆದೆ. ನೀಲಗಿರಿಯ ಎಳೆ ಎಷ್ಟೋ ಸಲ ನೆಟ್ಟಗೆ ಏರಲ್ಲ, ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಏರುತ್ತೆ. ಅದರ ಮೇಲೆ ತೋಪಡ ನೆಟ್ಟಗೆ ಓಡಿಸಿದರೆ ಒಂದೊಂದು ಎಳೆಯನ್ನೂ ಓರೆಯಾಗಿ ಕುಯ್ದ ಹಾಗೆ. ನೋಡೋಕೆ ಮಾತ್ರ ಬಹಳ ಚೆಂದ ಇತ್ತು ಪುಟ್ಟಿ. ಕಡಲೆಕಾಯಿ ಎಣ್ಣೆ ಸವರಿದಾಗ ಜೇನುತುಪ್ಪದ ಬಣ್ಣ. ಬೀದಿಯವರೆಲ್ಲ ಬಂದು ಮುಟ್ಟಿ ನೋಡಿದರು.

ಹಿಂದಿನ ಸಂಜೆ ಹಿತ್ತಲಲ್ಲಿ ನಾನೊಬ್ಬನೇ ಎಳೆದು ನೋಡಿದೆ. ಟಿಕ್ ಎಂದಿತು. ಬೆರಳಾಡಿಸಿದೆ, ಏನೂ ಸಿಗಲಿಲ್ಲ. ಇನ್ನೊಂದು ಸಲ ಎಳೆದೆ, ಸದ್ದಿಲ್ಲ. ಸರಿಹೋಯ್ತು ಅಂದುಕೊಂಡೆ. ಮಾರನೆಯ ದಿನ ನಿಮ್ಮಪ್ಪ 'ಅಣ್ಣ, ನಾನೊಂದು ಸಲ' ಅಂದ. ಕೊಟ್ಟೆ.

ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಿಮ್ಮ ದೊಡ್ಡಮ್ಮನಿಗೂ ಹೇಳಿಲ್ಲ. ಮನೆಯವರೆಲ್ಲ ಮರವನ್ನು ಬೈದರು, ನಾನು ಸುಮ್ನಿದ್ದೆ. ಮತ್ತೆ ಬಿಲ್ಲು ಮಾಡಲಿಲ್ಲ. ಪ್ಯಾಟರ್ನ್ ಶಾಪಿನಲ್ಲಿ ಎಷ್ಟು ಮರ ಕೈಯಲ್ಲಿ ಹೋಯಿತೋ ಲೆಕ್ಕವಿಲ್ಲ. ಬಾಗುವ ವಸ್ತು ಒಂದನ್ನೂ ಮಾಡಲಿಲ್ಲ.

ಹಾಗಾಗಿ, ನಿಮ್ಮಪ್ಪ 'ಸುಬಾಬುಲ್ ಸೌದೆಗಷ್ಟೇ ಲಾಯಕ್ಕು' ಅಂದನಂತಲ್ಲ, ಅವನ ಮೇಲೆ ಕೋಪ ಮಾಡಿಕೊಳ್ಳಬೇಡ. ಮರದ ಮೇಲೆ ಅನುಮಾನಪಡೋದನ್ನು ಅವನಿಗೆ ಕಲಿಸಿದವನು ನಾನು.

ಆ ಮರಗಳೇನು ತಾವಾಗೇ ಬಂದವಾ? ನೀಲಗಿರಿಯನ್ನು ನೆಡಿ ನೆಡಿ ಅಂದವರೂ ಸರ್ಕಾರದವರೇ, 2017 ರಲ್ಲಿ ಹೊಸದಾಗಿ ನೆಡಬೇಡಿ ಅಂದವರೂ ಅವರೇ. ಸುಬಾಬುಲ್ ಮೆಕ್ಸಿಕೋ ಕಡೆಯದು. ನಾನು ನೋಡನೋಡುತ್ತಲೇ ಹಸುವಿಗೆ ಮೇವು, ಒಲೆಗೆ ಸೌದೆ ಅಂತ ಎಲ್ಲ ಕಡೆ ಹಬ್ಬಿಸಿದರು. ಈಗ ಖಾಲಿ ಸೈಟು ಕಂಡರೆ ಅದೇ. ಕಡಿದಷ್ಟೂ ಬುಡದಿಂದ ಚಿಗುರುತ್ತೆ. ಆದರೆ ಒಂದು ಮಾತು, ಹಾಗೆ ಬುಡದಿಂದ ಎದ್ದ ಕೊಂಬೆ ನೆಟ್ಟಗಿರುತ್ತೆ, ಗಂಟು ಕಡಿಮೆ. ಬಿಲ್ಲಿಗೆ ಬೇಕಾದದ್ದು ಅದೇ. ಲಂಟಾನವನ್ನು ಬೈಯದವರು ಯಾರಿದ್ದಾರೆ? 2024 ರಲ್ಲಿ ಲಾಲ್‌ಬಾಗಿನಲ್ಲಿ ನಾವಿಬ್ಬರೂ ಆ ಲಂಟಾನದ ಕಡ್ಡಿಯಲ್ಲಿ ಮಾಡಿದ ಆನೆಗಳನ್ನು ನೋಡಿ ಬಂದೆವಲ್ಲ. ನೀನು ಸೊಂಡಿಲ ಹತ್ತಿರ ನಿಂತು ಕಡ್ಡಿ ಹೇಗೆ ಬಾಗಿಸಿದ್ದಾರೆ ಅಂತ ಕೇಳುತ್ತಲೇ ಇದ್ದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಕಡ್ಡಿಯನ್ನು ನೀರಲ್ಲಿ ಬೇಯಿಸಿ, ತೊಗಟೆ ಸುಲಿದು, ಬಾಗಿಸಿ ಕುರ್ಚಿ ಮಾಡುತ್ತಾರೆ. ಬಳ್ಳಾರಿ ಜಾಲಿ ಗಟ್ಟಿ ಮರವೇ, ಆದರೆ ಮೂರಡಿ ನೆಟ್ಟಗೆ ಸಿಕ್ಕಿದರೆ ನಿನ್ನ ಪುಣ್ಯ. ಬಿಲ್ಲಿಗೆ ಅಂತಲೇ ಹೆಸರಾದದ್ದು ನಮ್ಮ ಕಡೆ ತಡಸಲು, ಸಂಸ್ಕೃತದಲ್ಲಿ ಅದಕ್ಕೆ ಧನ್ವನ ಅಂತಲೇ ಹೆಸರು. ಅದು ಕಾಡಿನ ಮರ, ಅದರ ತಂಟೆ ಬೇಡ. ಬೀದಿ ಮರದ ತಂಟೆಯೂ ಬೇಡ, ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ. ಬಿದ್ದದ್ದು, ಬಿಸಾಕಿದ್ದು ನಮಗೆ ಬೇಕಾದಷ್ಟಾಯಿತು.

ಎಲ್ಲಿಂದ ಎಲ್ಲಿಗೋ ಹೋದೆ. ಆ ಟಿಕ್ ವಿಷಯ.

ನೀನು ಬೆನ್ನನ್ನು ಏನು ಮಾಡಿದೆ ಅಂತ ಬರೆದಿಲ್ಲ. ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಗ್ಗೆ ಮಾತ್ರ ಅರ್ಧ ಪುಟ ಬರೆದಿದ್ದೀಯ, 1545 ರಲ್ಲಿ ಮುಳುಗಿದ ಹಡಗಿನಲ್ಲಿ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲು ಸಿಕ್ಕವು ಅಂತ. ಚೆನ್ನಾಗಿದೆ. ಆದರೆ ಅದು ಚಳಿ ದೇಶದ ಮರ. ವರ್ಷಕ್ಕೊಂದು ಉಂಗುರ ಎದ್ದು ಕಾಣುತ್ತೆ. ಅಲ್ಲಿಯವರು ಒಂದೇ ಉಂಗುರವನ್ನು ಹಿಡಿದು, ಅದನ್ನು ಕುಯ್ಯದೆ, ಬೆನ್ನು ಬಿಡಿಸುತ್ತಾರೆ. ನಮ್ಮ ಸುಬಾಬುಲ್‌ನಲ್ಲಿ ಉಂಗುರ ಹುಡುಕುತ್ತಾ ಕೂತರೆ ಕಣ್ಣು ಹೋಗುತ್ತೆ. ತೊಗಟೆ ಸುಲಿದಾಗ ಸಿಗುವ ಮೈಯೇ ನಿನ್ನ ಬೆನ್ನು. ಅದು ಸ್ವಲ್ಪ ಗುಂಡಗಿರಲಿ, ಗಂಟು ಉಬ್ಬಿರಲಿ, ಅಂಕುಡೊಂಕು ಇರಲಿ. ಉಳಿ ತಾಗಿಸಬೇಡ. ತೋಪಡವಂತೂ ಬೇಡವೇ ಬೇಡ. ಅಂದ ಮಾಡೋಕೆ ಹೋಗಬೇಡ ಪುಟ್ಟಿ.

ಅಳತೆಯದ್ದೂ ಒಂದಿದೆ. ನಿನ್ನ ಎಳೆತ, ಅಂದರೆ ಪೂರ್ತಿ ಎಳೆದಾಗ ಹಿಡಿಯಿಂದ ಹೆದೆಗಿರುವ ದೂರ, 26 ಇಂಚು ಅಂತೀಯ, ಬಿಲ್ಲು 54 ಇಂಚು ಅಂತೀಯ. ಶುಕ್ರವಾರ ಬೆಳಿಗ್ಗೆ ಟೇಪು ಹಿಡಿದು ಗೋಡೆ ಮೇಲೆ ಗೀಟು ಹಾಕಿ ನೋಡಿದೆ. ದೊಡ್ಡಮ್ಮ ಏನ್ರೀ ಇದು ಅಂದಳು. ಗಿಡ್ಡ ಆಯಿತು. ಎಳೆತದ ಎರಡರಷ್ಟು, ಅದರ ಮೇಲೆ ಹಿಡಿಗೆ, ಧೈರ್ಯಕ್ಕೆ ಅಂತ ಇನ್ನೂ ಏಳೆಂಟು ಇಂಚು ಬೇಕು. 60 ಆದರೂ ಇರಬೇಕಿತ್ತು. ಹತ್ತಿಗೆ ಏನೂ ಸಿಗದಿದ್ದರೂ ಇದನ್ನು 20 ಇಂಚಿನ ಮೇಲೆ ಎಳೆಯಬೇಡ. ಬೇಜಾರು ಮಾಡಿಕೊಳ್ಳಬೇಡ, ಮಾಡಿದವಳು ನೀನು, ದೂರದಲ್ಲಿ ಕೂತು ಲೆಕ್ಕ ಹೇಳುವವನು ನಾನು.

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಬಿಸಿಲಿಗೆ ಇಟ್ಟು ಒಣಗಿಸಿದೆ ಅಂತಲೂ ಬರೆದಿದ್ದೀಯ. ಹಸಿ ಇದ್ದರೆ ಮರ ಬಾಗಿ ಹಾಗೇ ಉಳಿದುಬಿಡುತ್ತೆ, ನೆಟ್ಟಗಾಗಲ್ಲ. ಬಿಸಿಲಲ್ಲಿ ಸುಟ್ಟರೆ ಒಳಗೊಳಗೇ ಬಿರಿಯುತ್ತೆ. ಮುಂದಿನ ಸಲ ಕಡಿದ ದಿನವೇ ಎರಡೂ ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿ. ತೊಗಟೆ ಬೇಗ ಸುಲಿದುಬಿಡು, ಬಿಟ್ಟರೆ ಹುಳ ಬೀಳುತ್ತೆ. ನೆರಳಲ್ಲಿಡು. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಂದು ಸಲ ತೂಗಿ ಬರೆದಿಡು. ತೂಕ ಇಳಿಯೋದು ನಿಂತ ಮೇಲೆ ಉಳಿ ಮುಟ್ಟು. ಇದೆಲ್ಲ ನಿನಗೆ ಗೊತ್ತಿರಬಹುದು. ಗೊತ್ತಿದ್ದರೆ ಮುದುಕನ ಗೊಣಗಾಟ ಅಂದುಕೊಂಡು ಬಿಡು.

ಹತ್ತಿ ಸಿಕ್ಕಿಕೊಂಡರೆ ಮಾತ್ರ ಒಬ್ಬಳೇ ಏನೂ ಮಾಡಬೇಡ. ಹೆದೆ ಕಟ್ಟದೆ, ಬಟ್ಟೆ ಸುತ್ತಿ ಇಲ್ಲಿಗೆ ತಗೊಂಡು ಬಾ. ದೊಡ್ಡಮ್ಮನ ಹಳೇ ರೇಷ್ಮೆ ಸೀರೆಯಿಂದ ಎರಡು ಪಟ್ಟಿ ಹರಿದಿಟ್ಟಿದ್ದೇನೆ, ಅಂಚು ಸೇರಿಸದೆ. ಯಾವ ಸೀರೆ ಅಂತ ಅವಳಿನ್ನೂ ನೋಡಿಲ್ಲ. ಮರದ ಅಂಟು ಹಾಕಿ ಬೆನ್ನಿಗೆ ಅಂಟಿಸೋಣ. ಅದರಿಂದ ಬಿಲ್ಲು ಗಟ್ಟಿಯಾಗುತ್ತೆ ಅಂತ ತಿಳಿಯಬೇಡ. ಸಿಬಿರನ್ನು ಒತ್ತಿ ಹಿಡಿಯುತ್ತೆ, ಮುರಿದರೂ ಚೂರು ಹಾರೋದು ಕಡಿಮೆ. ಸಿಬಿರು ಆಳಕ್ಕೆ ಹೋಗಿದ್ದರೆ ಗೋಡೆಗೆ ನೇತುಹಾಕು, ಇನ್ನೊಂದು ಮಾಡೋಣ. ಮಾಡೋಣ ಅಂತ ಬರೆದುಬಿಟ್ಟೆ ನೋಡು. ಇರಲಿ. ಉಳಿ ಹಿಡಿದರೆ ಈಗ ಕೈ ನಡುಗುತ್ತೆ, ಆದರೆ ಬಾಗು ನೋಡೋಕೆ ಕಣ್ಣು ಸಾಕಲ್ವಾ.

ಬೇರೆಯವರು ಕೇಳಿದರೆ ಬಿಲ್ಲು ಕೊಡಬೇಡ. ನಿನ್ನ ಗೆಳತಿಯ ತಮ್ಮ ದಿನಾ ಬಂದು ನೋಡುತ್ತಾನೆ ಅಂತ ಬರೆದಿದ್ದೀಯಲ್ಲ, ಆ ಹುಡುಗ ಅಕ್ಕ ಒಂದೇ ಸಲ ಅಂದರೂ ಕೊಡಬೇಡ. ಅತ್ತರೂ ಕೊಡಬೇಡ.

ಈ ಕಾಗದವನ್ನು ನಿಮ್ಮಪ್ಪನಿಗೆ ತೋರಿಸಬೇಡ ಅಂತ ಬರೆಯೋಣ ಅಂತ ಕೂತಿದ್ದೆ. ಬರೆಯಲ್ಲ. ಟೀಪಾಯಿ ಮೇಲೆ ಬಿಟ್ಟುಹೋದರೂ ಪರವಾಗಿಲ್ಲ.

ಇಂತಿ ನಿನ್ನ
ದೊಡ್ಡಪ್ಪ