ಶಿವನಸಮುದ್ರಕ್ಕೆ 'ಏಷ್ಯಾದಲ್ಲೇ ಮೊದಲು' ಅನ್ನೋ ಬಿರುದು ಬೇಕಾಗಿಲ್ಲ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮಳೆಗಾಲ ಬಂದು ಗಗನಚುಕ್ಕಿ ಭರಚುಕ್ಕಿ ತುಂಬಿ ಹರಿಯೋಕೆ ಶುರುವಾದ ತಕ್ಷಣ ಪೇಪರ್‌ಗಳಲ್ಲಿ, ವಾಟ್ಸಾಪ್‌ನಲ್ಲಿ ಒಂದೇ ಮಾತು, ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಅಂತ. ನಮ್ಮಪ್ಪ ಅದೇ ಪವರ್ ಹೌಸಲ್ಲಿ ಶಿಫ್ಟ್ ಕೆಲಸ ಮಾಡ್ದೋರು, ನಾನು ಹುಟ್ಟಿ ಬೆಳೆದಿದ್ದು ಮಳವಳ್ಳಿ ಕಡೆ, ಆ ಜಾಗದ ಮೇಲೆ ನನಗಿರೋ ಪ್ರೀತಿ ಎಷ್ಟು ಅಂತ ಹೇಳೋಕಾಗಲ್ಲ. ಅದಕ್ಕೇ ಹೇಳ್ತಿದೀನಿ, ದಯವಿಟ್ಟು ಇದನ್ನ ಬರೆಯೋದು ನಿಲ್ಲಿಸಿ. ಡಾರ್ಜಿಲಿಂಗ್ ಹತ್ರ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ನೀರಿಂದ ಕರೆಂಟ್ ತೆಗೆದಿದ್ರು, ನಮ್ಮದು ಶುರುವಾಗಿದ್ದು 1902ರಲ್ಲಿ. ಇನ್ನು ಇಲ್ಲಿಂದ ಕೋಲಾರಕ್ಕೆ ಎಳೆದ ಕರೆಂಟ್ ಲೈನ್ ಆಗ ಪ್ರಪಂಚದಲ್ಲೇ ಅತಿ ಉದ್ದದ್ದು ಅಂತಾನೂ ಬರೀತಾರೆ, ಅದೂ ಸರಿಯಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಿಂತ ಒಂದು ವರ್ಷ ಮುಂಚೆನೇ ಇನ್ನೂ ಉದ್ದದ್ದು ಎಳೆದಿದ್ರು.

ಹಾಗಂತ ನಮ್ಮದೇನು ಕಮ್ಮಿನಾ? ಸಿದ್ರಾಪಾಂಗ್ ಬರೀ 130 ಕಿಲೋವ್ಯಾಟಿಂದು, ಡಾರ್ಜಿಲಿಂಗ್ ಊರಿನ ದೀಪಕ್ಕೆ ಅಂತ ಕಟ್ಟಿದ್ದು. ಶಿವನಸಮುದ್ರದಲ್ಲಿ ಮೊದಲ ಸಲಕ್ಕೇ 720 ಕಿಲೋವ್ಯಾಟಿನ ಆರು ಮಿಷನ್ ಕೂರಿಸಿದ್ರು, ಅದೂ ಊರಿನ ದೀಪಕ್ಕಲ್ಲ, 92 ಮೈಲಿ ಆಚೆ ಇರೋ ಕೋಲಾರದ ಚಿನ್ನದ ಗಣಿಗೆ. ಅಲ್ಲಿ ಕಲ್ಲು ಕುಟ್ಟೋಕೆ, ಆಳದಿಂದ ನೀರು ಎತ್ತೋಕೆ ಉಗಿ ಯಂತ್ರ ಓಡಿಸ್ತಿದ್ರು, ಅದಕ್ಕೆ ಸೌದೆ ಕಲ್ಲಿದ್ದಲು ಹೊತ್ತು ತರೋ ಖರ್ಚು ಬೇರೆ. ಕಾವೇರಿ ಹೊಳೆ ಬೀಳೋ ಶಕ್ತಿನ ಅಷ್ಟು ದೂರ ತಗೊಂಡ್ ಹೋಗ್ಬೋದು ಅಂತ ನಂಬೋಕೇ ಆಗ ಧೈರ್ಯ ಬೇಕಿತ್ತು, ಯಾಕಂದ್ರೆ ಕಮ್ಮಿ ವೋಲ್ಟೇಜಲ್ಲಿ ಕಳಿಸಿದ್ರೆ ಕರೆಂಟೆಲ್ಲಾ ತಂತಿ ಬಿಸಿ ಮಾಡೋದ್ರಲ್ಲೇ ಹಾಳಾಗುತ್ತೆ, ಅದಕ್ಕೇ 35,000 ವೋಲ್ಟಿಗೆ ಏರಿಸಿ ಕಳಿಸಿದ್ರು. ಮೈಸೂರು ದಿವಾನ್ ಶೇಷಾದ್ರಿ ಅಯ್ಯರ್ ಇದರ ಹಿಂದೆ ನಿಂತ್ರು, ಇಂಜಿನಿಯರ್ ಡಿ ಲಾಟ್‌ಬಿನಿಯೇರ್ ಯೂರೋಪು ಅಮೆರಿಕ ಸುತ್ತಿ ನೋಡ್ಕೊಂಡ್ ಬಂದ್ರು. ಆದ್ರೆ 1902ರ ಜೂನಲ್ಲಿ ಗಣಿಗೆ ಕರೆಂಟ್ ಹರಿದಾಗ ಅದನ್ನ ನೋಡೋಕೆ ಶೇಷಾದ್ರಿ ಅಯ್ಯರ್ ಇರಲಿಲ್ಲ, ಹಿಂದಿನ ವರ್ಷನೇ ತೀರಿಕೊಂಡಿದ್ರು. ಇದನ್ನ ಓದಿದಾಗೆಲ್ಲಾ ನನಗೆ ಹೊಟ್ಟೆ ಚುರ್ ಅನ್ನುತ್ತೆ. ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರ ಆಗಸ್ಟಲ್ಲಿ.

ಇನ್ನೊಂದು ವಿಷಯ, ಅಲ್ಲಿ ದೊಡ್ಡ ಡ್ಯಾಮ್ ಇಲ್ಲ. ಹೊಳೆಗೆ ಅಡ್ಡ ಕಟ್ಟೆ ಕಟ್ಟಿ, ನೀರನ್ನ ಕಾಲುವೆಗೆ ತಿರುಗಿಸಿ, ಗುಡ್ಡದ ತಲೆವರೆಗೂ ತಂದು ಅಲ್ಲಿಂದ ಸುಮಾರು 400 ಅಡಿ ಕೆಳಕ್ಕೆ ದಪ್ಪ ದಪ್ಪ ಪೈಪಲ್ಲಿ ಬಿಡ್ತಾರೆ, ಟರ್ಬೈನ್ ತಿರುಗಿಸಿದ ನೀರು ವಾಪಸ್ ಹೊಳೆಗೇ ಹೋಗುತ್ತೆ. ಅದಕ್ಕೇ ಹೊಳೇಲಿ ಎಷ್ಟು ಬಂತೋ ಅಷ್ಟೇ ಕರೆಂಟು. ಬೇಸಿಗೇಲಿ ಹೊಳೆ ಸೊರಗಿದ್ರೆ ಗಣಿಗೂ ಕಷ್ಟ, 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರು ಮಾಡೋಕೆ ಇದೂ ಒಂದು ಮುಖ್ಯ ಕಾರಣ. ಬೇಸಾಯಕ್ಕೆ ಅಂತ ಮಾತ್ರ ನಾವು ತಿಳ್ಕೊಂಡಿದೀವಿ.

ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ಒಂದ್ಸಲ ಟ್ರಾಲೀಲಿ ಕೂರಿಸ್ಕೊಂಡು ಕೆಳಗೆ ಕರ್ಕೊಂಡ್ ಹೋಗಿದ್ರು. ಉಕ್ಕಿನ ಹಗ್ಗಕ್ಕೆ ಕಟ್ಟಿರೋ ಗಾಡಿ, ಕಡಿದಾದ ಇಳಿಜಾರು, ಪಕ್ಕದಲ್ಲೇ ಆ ಪೈಪುಗಳು. ಮುಟ್ಟಿ ನೋಡು ಅಂದ್ರು, ಉರಿಬಿಸಿಲಲ್ಲೂ ಪೈಪಿನ ಮೈ ತಣ್ಣಗೆ ಬೆವರ್ತಿತ್ತು, ಒಳಗೆ ನೀರು ನಡುಗೋದು ಕೈಗೇ ಗೊತ್ತಾಗ್ತಿತ್ತು. ಪವರ್ ಹೌಸ್ ಒಳಗೆ ಹೋದ್ರೆ ಮಾತು ಕೇಳಿಸ್ತಿರಲಿಲ್ಲ, ಎಲ್ಲಾ ಕೈಸನ್ನೆ. ಮೊದಲ ಮಳೆಗೆ ಬರೋ ಕಸ, ಬಿದಿರು, ಎಲೆ ಎಲ್ಲಾ ಕಾಲುವೆ ಬಾಯಲ್ಲಿರೋ ಜಾಲರಿಗೆ ಕಚ್ಕೊಳ್ತಿತ್ತು, ಅದನ್ನ ರಾತ್ರಿಯೆಲ್ಲಾ ಎಳೆದು ಹಾಕ್ಬೇಕಿತ್ತಂತೆ, ಇಲ್ಲಾಂದ್ರೆ ನೀರು ಕಟ್ಟಿ ಕರೆಂಟ್ ಉತ್ಪಾದನೆ ಇಳಿಯುತ್ತೆ. ಅಪ್ಪನ ಅಂಗೈ ಯಾವಾಗ್ಲೂ ಗಂಟು ಗಂಟು.

ಆ ಕೇಂದ್ರ ಇವತ್ತಿಗೂ ಓಡ್ತಿದೆ, ಈಗ 42 ಮೆಗಾವ್ಯಾಟ್. ಶರಾವತಿ ಕೇಂದ್ರದ 1,035 ಮೆಗಾವ್ಯಾಟ್ ಪಕ್ಕ ಇಟ್ಟರೆ ಪುಟ್ಟದು, ನಿಜ. ಕೋಲಾರದ ಗಣಿ 2001ರಲ್ಲಿ ಮುಚ್ಚೋಯ್ತು, ಕರೆಂಟ್ ಕಳಿಸಿದ ಮನೆ ಮಾತ್ರ ಉಳ್ಕೊಂಡಿದೆ. ಜಲಪಾತ ನೋಡೋಕೆ ಸಾವಿರಾರು ಜನ ಬರ್ತಾರೆ, ಸೆಲ್ಫಿ ತಗೋತಾರೆ, ಹಿಂದೆ ಕಾಣೋ ಪೈಪು ಯಾತಕ್ಕೆ ಅಂತ ಅವರಿಗೆ ಹೇಳೋರಿಲ್ಲ. ಸೆಕ್ಯೂರಿಟಿ ಕಾರಣಕ್ಕೆ ಎಲ್ಲರನ್ನೂ ಒಳಗೆ ಬಿಡೋಕಾಗಲ್ಲ ಅನ್ನೋದು ನನಗೂ ಅರ್ಥ ಆಗುತ್ತೆ. ಆದ್ರೆ ಗಗನಚುಕ್ಕಿ ನೋಡೋ ಜಾಗದಲ್ಲೇ ಒಂದು ಸಣ್ಣ ಕೋಣೆ ಮಾಡಿ, ಬಳಕೇಲಿಲ್ಲದ ಹಳೇ ಮಿಷನ್ ಭಾಗ, ಹಳೇ ಫೋಟೋ, ನೀರು ಹೇಗೆ ಬಂದು ಹೇಗೆ ಹೋಗುತ್ತೆ ಅನ್ನೋ ಒಂದು ಮಾದರಿ, ಕನ್ನಡದಲ್ಲಿ ವಿವರಣೆ ಬರೆದು ಇಡ್ಬೋದಲ್ವಾ? ಅಲ್ಲಿ ದುಡಿದು ರಿಟೈರ್ ಆದೋರು ಇನ್ನೂ ಸುತ್ತಮುತ್ತ ಊರುಗಳಲ್ಲಿ ಇದಾರೆ, ಕೇಳಿದ್ರೆ ಭಾನುವಾರ ಬಂದು ಮಕ್ಕಳಿಗೆ ಹೇಳ್ತಾರೆ, ನಾನೇ ನಾಲ್ಕು ಜನರನ್ನ ಕರ್ಕೊಂಡು ಬರ್ತೀನಿ. ಸಂಬಂಧಪಟ್ಟೋರು ಇದನ್ನ ಈ ಮಳೆಗಾಲದೊಳಗೆ ಶುರು ಮಾಡ್ಲಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ.

ಇಂತಿ,
ಮಳವಳ್ಳಿ ತಾಲ್ಲೂಕಿನ ಒಬ್ಬ ಓದುಗ